ಮೂವತ್ತೊಂದನೆಯ ಕಂತಿನಿಂದ ಮುಂದೆ

ಹಳ್ಪಂದೆನಿಯ,
ಅಕುರೆಸ್ಸ.
2015ನೆಯ ಸೆಪ್ಟೆಂಬರ್ 8, ಮಂಗಳವಾರ

ನನ್ನ ಮುದ್ದಿನ ಮಗಳು ದಿಲ್ರುಕ್ಷಿಗೆ,

ತ್ರಿರತ್ನಗಳ ರಕ್ಷೆ ನಿನ್ನ ಮೇಲಿರಲಿ.

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಿನ್ನ ಯಸವತಿ ಅತ್ತೆ ಫೋನಿನಲ್ಲಿ ನಿನಗೆ ವರದಿ ಮಾಡಿದಳೆಂದು ತಿಳಿಯಿತು. ಆ ವರದಿಯಲ್ಲಿ ಮೂರು ತಪ್ಪುಗಳಿವೆ. ಮೊದಲು ಅವನ್ನು ತಿದ್ದುತ್ತೇನೆ. ನಾನು ಯಾರನ್ನೂ ಮನೆಯಿಂದ ಹೊರಗೆ ಹಾಕಲಿಲ್ಲ. ಕಂತು ಮುಗಿಯುವ ಮೊದಲೇ ಟೀವಿ ಆರಿಸಿದ್ದು ನಿಜ. ಟೀವಿ ಆರಿದ ಮೇಲೆ ಇಲ್ಲಿ ಮಾಡುವುದೇನಿದೆ ಎಂದು ಅವರೇ ಎದ್ದು ಹೋದರು. ಎರಡನೆಯದಾಗಿ, ನಾನು ರಿಮೋಟನ್ನು ಎಸೆಯಲಿಲ್ಲ; ಅಕ್ಕಿಯ ಡಬ್ಬಿಯೊಳಗೆ ಇಟ್ಟೆ. ಒಂದು ಆಯುಷ್ಯವೆಲ್ಲ ಮಕ್ಕಳ ಎದುರು ನಿಂತು ಪಾಠ ಹೇಳಿದ ಹೆಂಗಸು ವಸ್ತುಗಳನ್ನು ಎಸೆಯುವುದಿಲ್ಲ. ಮೂರನೆಯದು, ನಾನು ಅಳುತ್ತಿದ್ದೆ ಎಂಬುದು. ಅದು ಯಸವತಿಗೆ ತಿಳಿದಿರಲು ಸಾಧ್ಯವೇ ಇಲ್ಲ. ಅಷ್ಟು ಹೊತ್ತಿಗೆ ಅವಳು ಗೇಟು ದಾಟಿದ್ದಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಾವಿಬ್ಬರೂ ಮಾತನಾಡುವುದು ಊಟದ ಬಗ್ಗೆ ಮಾತ್ರ. ಏನು ತಿಂದೆ ಎಂದು ನೀನು ಕೇಳುತ್ತೀ, ನಾನು ಹೇಳುತ್ತೇನೆ. ನೀನೇನು ತಿಂದೆ ಎಂದು ನಾನು ಕೇಳುತ್ತೇನೆ, ನೀನು ಸುಳ್ಳು ಹೇಳುತ್ತೀ. ಬರೆಯುವಾಗ ಶುರು ಮಾಡಿದ ವಾಕ್ಯವನ್ನು ಮುಗಿಸಲೇಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರದ ಉದ್ದೇಶವನ್ನು ಮೊದಲೇ ತಿಳಿಸಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. ನಿನ್ನ ‘ಜಗುಲಿ’ ಧಾರಾವಾಹಿಯಲ್ಲಿ ಇನ್ನು ಎರಡೇ ಕಂತುಗಳು ಉಳಿದಿವೆ. ಆ ಎರಡರಲ್ಲಿ ರುವನ್ ಸತ್ತನೆಂದು ತೀರ್ಮಾನ ಮಾಡಬೇಡ. ಬಾವಿಯಲ್ಲಿ ಸಿಕ್ಕ ಎಲುಬುಗಳು ಬೇರೆ ಯಾರದೋ ಆಗಲಿ, ಯಾವುದೋ ಪ್ರಾಣಿಯದಾಗಲಿ. ಹೇಗೆ ಸರಿಪಡಿಸುತ್ತೀಯೋ ನಿನಗೆ ಬಿಟ್ಟದ್ದು. ಆ ಹುಡುಗ ಎಲ್ಲಿದ್ದಾನೆಂದು ಯಾರಿಗೂ ತಿಳಿಯದಂತೆಯೇ ಕಥೆ ಮುಗಿಯಲಿ. ನನ್ನ ಬೇಡಿಕೆ ಇಷ್ಟೇ. ಇನ್ನು ಕಾರಣಗಳನ್ನು ಬರೆಯುತ್ತೇನೆ, ಸಮಾಧಾನವಾಗಿ ಓದು.

ಡಿಸೆಂಬರಿನಲ್ಲಿ ಮೊದಲ ಕಂತು ಬಂದ ದಿನದಿಂದ ಈ ಬೀದಿಯ ಹೆಂಗಸರೆಲ್ಲ ಭಾನುವಾರ ಸಂಜೆ ನಮ್ಮ ಮುಂದಿನ ಕೋಣೆಯಲ್ಲಿ ಸೇರತೊಡಗಿದರು. ಎಲ್ಲರ ಮನೆಯಲ್ಲೂ ಟೀವಿ ಇದೆ. ಎದುರುಮನೆ ನಂದಾವತಿಯದು ನಮ್ಮದಕ್ಕಿಂತ ದೊಡ್ಡದು. ಆದರೂ ಟೀಚರಮ್ಮನ ಮಗಳು ಬರೆದ ನಾಟಕವನ್ನು ಟೀಚರಮ್ಮನ ಮನೆಯಲ್ಲಿ ನೋಡಿದರೇ ಮರ್ಯಾದೆ ಎಂದು ಅವರೇ ನಿರ್ಣಯಿಸಿಕೊಂಡರು. ನಾನು ಚಹಾ ಮಾಡಿ, ಕಚ್ಚಿಕೊಳ್ಳಲು ಬೆಲ್ಲದ ಚೂರು ಕೊಡುತ್ತಿದ್ದೆ. ದಾಲ್ಚಿನ್ನಿ ಸುಲಿದು ಬಂದ ಕೈಗಳು; ಕೋಣೆಯೆಲ್ಲ ಅದರ ಪರಿಮಳ. ಕರೋಲಿಸ್ ಮುದಲಾಳಿ ತಮ್ಮ ಕಿರಾಣಿ ಅಂಗಡಿಯನ್ನು ಬೇಗ ಮುಚ್ಚಿ, ಕುಂಟುತ್ತಾ ಬಂದು, ಹೊರಗಿನ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ನೋಡುತ್ತಿದ್ದರು. ಎಂಬತ್ತಾದರೂ ಹೆಂಗಸರ ನಡುವೆ ಕೂರಲು ಅವರಿಗೆ ಸಂಕೋಚ.

ಕಥೆ ನಮ್ಮ ಮನೆಯದೆಂದು ಎರಡನೆಯ ಕಂತಿಗೇ ಊರಿಗೆ ತಿಳಿಯಿತು. ಗಂಡನನ್ನು ಕಳೆದುಕೊಂಡ ಸೋಮಾ, ಅವಳ ಹತ್ತೊಂಬತ್ತರ ಮಗ ರುವನ್, ಅವನ ಪುಟ್ಟ ತಂಗಿ. ಹುಡುಗರನ್ನು ಹಿಡಿದೊಯ್ಯುತ್ತಿದ್ದ ಭೀಷಣದ ಆ ವರ್ಷ ಒಂದು ಬೆಳಿಗ್ಗೆ ರುವನ್ ಮನೆಯಿಂದ ಹೊರಟು ಹೋಗುತ್ತಾನೆ, ಮರಳಿ ಬರುವುದಿಲ್ಲ. ನಿನ್ನ ಅಣ್ಣ ಅಸೇಲ ಹೋದಂತೆಯೇ. ನನಗೆ ಕೋಪ ಬಂದಿತೆಂದು ನೀನು ಹೆದರಿದ್ದೆಯಂತೆ. ಬರಲಿಲ್ಲ. ಸೋಮಾ ಪಾತ್ರದ ನಟಿಯ ಉಚ್ಚಾರಣೆಯ ಬಗ್ಗೆ ನನಗೆ ಆಕ್ಷೇಪಣೆಗಳಿದ್ದವು, ಆಗಲೇ ತಿಳಿಸಿದ್ದೇನೆ. ಮಿಕ್ಕಂತೆ ಮೊದಲ ಮೂವತ್ತು ಕಂತುಗಳಿಗೆ ನೂರಕ್ಕೆ ಎಂಬತ್ತೆಂಟು ಅಂಕ ಕೊಟ್ಟಿದ್ದೆ. ನನ್ನ ಕೈಯಿಂದ ಎಂಬತ್ತೆಂಟು ಪಡೆದವರು ಈ ಸೀಮೆಯಲ್ಲಿ ಎಷ್ಟು ಜನರಿದ್ದಾರೆಂದು ವಿಚಾರಿಸಿ ನೋಡು.

ಏಳನೆಯ ಕಂತಿನಲ್ಲಿ ರುವನ್ ಹಾಲನ್ನದ ಪಾತ್ರೆಯ ತಳ ಕೆರೆದು, ಸೀದ ಪದರವನ್ನು ನಿಂತೇ ತಿಂದ. ಹತ್ತನೆಯದರಲ್ಲಿ ತಂಗಿಯ ಜಡೆಯನ್ನು ಕುರ್ಚಿಗೆ ಕಟ್ಟಿ, ಅವಳು ಎದ್ದಾಗ ತಾನೇ ಗಾಬರಿಯಾದ. ಹನ್ನೆರಡನೆಯದರಲ್ಲಿ, ಅವನು ಹೋದ ಮೇಲೆ, ಯಾರೂ ತೊಡದ ಅವನ ಅಂಗಿಯನ್ನು ಸೋಮಾ ಒಗೆದು, ಒಣಗಿಸಿ, ಮಡಿಸಿ ಮತ್ತೆ ಕಪಾಟಿನಲ್ಲಿಟ್ಟಳು. ದಿಲೂ, ನಾನು ಆ ಕೆಲಸ ಮಾಡುತ್ತಿದ್ದುದು ಭಾನುವಾರ ನೀನು ವಿಹಾರಕ್ಕೆ ಧರ್ಮಪಾಠಕ್ಕೆ ಹೋದ ಮೇಲೆ. ನಿನಗೆ ಹೇಗೆ ತಿಳಿಯಿತು? ಆ ಸಂಜೆ ಕಂತು ಮುಗಿದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ನಂದಾವತಿ, ತನ್ನ ತಾಯಿ ಕೂಡ ಹೀಗೇ ಮಾಡುತ್ತಿದ್ದಳು, ಕಾಣೆಯಾದ ತನ್ನ ತಮ್ಮನ ಅಂಗಿಯನ್ನು, ಎಂದಳು. ಇಪ್ಪತ್ತಾರು ವರ್ಷ ಎದುರುಬದುರು ಮನೆಯಲ್ಲಿದ್ದು ನಾವು ಆಡದೆ ಇದ್ದ ಮಾತು ಅದು.

ನಿನ್ನ ಕಥೆಯಲ್ಲಿ ಆಗ ಹೆಚ್ಚೇನೂ ನಡೆಯುತ್ತಿರಲಿಲ್ಲ. ಜನ ಬದುಕುತ್ತಿದ್ದರು, ಅಷ್ಟೇ. ನೆನಪಿನ ದೃಶ್ಯಗಳಲ್ಲಿ ರುವನ್ ಬಂದು ಹೋಗುತ್ತಿದ್ದ. ವಾರಕ್ಕೆ ಅರ್ಧ ಗಂಟೆ ನನ್ನ ಮನೆಯಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಓಡಾಡುತ್ತಿದ್ದ.

ಏಪ್ರಿಲ್ ಹೊಸ ವರ್ಷಕ್ಕೆ ನೀನು ಊರಿಗೆ ಬಂದಾಗ, ನೋಡುವವರು ಕಡಿಮೆಯಾಗುತ್ತಿದ್ದಾರೆ, ವಾಹಿನಿಯವರು ಕಥೆಗೊಂದು ಗುಟ್ಟು ಬೇಕೆನ್ನುತ್ತಿದ್ದಾರೆ ಎಂದು ಹೇಳಿದ್ದೆ. ನಾನು ಹಲಸಿನ ತೊಳೆ ಬಿಡಿಸುತ್ತಾ, ಹಾಗಾದರೆ ಒಂದು ಗುಟ್ಟು ಕೊಡು ಎಂದೆ. ಗುಟ್ಟೆಂದರೆ ಯಾರೋ ಯಾರನ್ನೋ ಪ್ರೀತಿಸುವುದೆಂದು ನಾನು ತಿಳಿದಿದ್ದೆ.

ಜುಲೈನಲ್ಲಿ ಮೂವತ್ತೊಂದನೆಯ ಕಂತು ಬಂತು. ಹಾಳುಬಿದ್ದ ಬಾವಿಯಲ್ಲಿ ರುವನ್‌ನ ಕೈಗಡಿಯಾರ ಸಿಕ್ಕಿತು. ಊರಿನ ಒಬ್ಬರು ಯಾರೋ ಅವನನ್ನು ಹಿಡಿದುಕೊಟ್ಟಿದ್ದಾರೆ, ಯಾರದು, ಎಂಬ ಪ್ರಶ್ನೆ ಹುಟ್ಟಿತು. ಅಂದಿನಿಂದ ನಿನ್ನ ಪಾತ್ರಗಳು ಮನುಷ್ಯರಾಗಿ ಉಳಿಯಲಿಲ್ಲ. ಸೋಮಾ ಒಲೆ ಹಚ್ಚುವುದನ್ನೇ ಬಿಟ್ಟಳು. ಆ ಮನೆಯಲ್ಲಿ ಅನ್ನವಾಗುವುದು ಯಾವಾಗ, ಯಾರು ಏನು ತಿನ್ನುತ್ತಾರೆ, ಒಂದೂ ತಿಳಿಯದು. ತಂಗಿ ತಲೆ ಬಾಚುವುದಿಲ್ಲ. ಎಲ್ಲರೂ ಸದಾ ಬಾಗಿಲ ಸಂದಿಯಲ್ಲಿ ನಿಂತಿರುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಏನೋ ಹೇಳಬೇಕೆಂದು ಬಾಯಿ ತೆರೆದರೆ ಮೂರನೆಯವರು ಒಳಗೆ ಬರುತ್ತಾರೆ. ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು, ಆದ್ದರಿಂದ ಹೇಳುವುದಿಲ್ಲ. ಮೂವತ್ತು ವಾರ ಯಾರನ್ನು ಬಂಧುಗಳಂತೆ ತಿಳಿದಿದ್ದೆವೋ ಅವರನ್ನು, ಇವನಿರಬಹುದೇ, ಇವಳಿರಬಹುದೇ ಎಂದು ಅಳೆದು ನೋಡುವ ಹಾಗೆ ಮಾಡಿದೆ. ಸೋಮಾ ಅತ್ತರೆ ನಮ್ಮ ಹೆಂಗಸರು, ನಾಟಕ ಆಡ್ತಿದ್ದಾಳೆ ಎನ್ನತೊಡಗಿದರು. ಹನ್ನೆರಡನೆಯ ಕಂತಿನ ಸೋಮಾಳ ಬಗ್ಗೆ ಆ ಮಾತು. ತಾಯಿಯೊಬ್ಬಳ ಕಣ್ಣೀರು ಕೂಡ ಸುಳಿವಾಗಿಬಿಟ್ಟ ಮೇಲೆ ಆ ಕಥೆಯಲ್ಲಿ ಅಳುವ ಹಕ್ಕು ಯಾರಿಗೆ ಉಳಿಯಿತು ಹೇಳು.

ಮೂವತ್ತೊಂದರಿಂದ ಮುಂದೆ ನಾನು ನೋಡುವುದನ್ನು ಬಿಟ್ಟೆ ಎಂದು ನಿನಗೆ ಹೇಳಿದ್ದೆ. ಬಿಟ್ಟದ್ದು ನಿಜ. ಚಹಾ ಕೊಡುವಾಗ ಕಣ್ಣಿಗೆ ಬಿದ್ದದ್ದಷ್ಟೇ.

ಕಣ್ಣಿಗೆ ಬಿದ್ದದ್ದರಲ್ಲಿ ಸೈಮನ್ ಮುದಲಾಳಿಯೂ ಒಬ್ಬ. ನೀನು ಅವನಿಗೆ ಅಂಗಡಿಯೊಂದನ್ನು ಕೊಟ್ಟೆ, ಸಮ್ಮತಿಸುತ್ತೇನೆ. ಊರೆಂದ ಮೇಲೆ ಅಂಗಡಿ ಇರುತ್ತದೆ. ಕುಂಟುವ ಎಡಗಾಲನ್ನು ಏಕೆ ಕೊಟ್ಟೆ? ಮೊದಲ ಕಂತುಗಳಲ್ಲಿ ಆ ಕಾಲನ್ನು ಕಂಡು ಕರೋಲಿಸ್ ಮುದಲಾಳಿಗೆ ಬಹಳ ಸಂತೋಷವಾಗಿತ್ತು. ತಮ್ಮ ಕಾಲು ಕೊಲಂಬೊ ತಲುಪಿತೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮೂವತ್ತಾರನೆಯ ಕಂತಿನಲ್ಲಿ ಸೈಮನ್ ಮುದಲಾಳಿ ಯಾರಿಗೂ ಕಾಣದಂತೆ ಬಾವಿಯೊಳಗೆ ಬಗ್ಗಿ ನೋಡಿದ. ಕೋಣೆಯಲ್ಲಿ ಕೂತಿದ್ದ ಪ್ರತಿಯೊಬ್ಬಳೂ ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಯಾರೂ ಬೇಕೆಂದು ಮಾಡಿದ್ದಲ್ಲ. ಕುತ್ತಿಗೆ ತಾನಾಗಿ ತಿರುಗಿತು. ನನ್ನದೂ ತಿರುಗಿತು. ಮುದಲಾಳಿ ನಿಧಾನವಾಗಿ ಎದ್ದು ಹೋದರು.

ಆ ವಾರದಿಂದ ಅವರ ಅಂಗಡಿಗೆ ಹೋಗುವವರು ಕಡಿಮೆಯಾದರು. ಯಾರೂ ಏನೂ ಹೇಳುವುದಿಲ್ಲ, ಉಪ್ಪಿಗೂ ಕವಲುದಾರಿಯ ಹೊಸ ಅಂಗಡಿಗೆ ಹೋಗುತ್ತಾರೆ. ಶಾಲೆಯ ಮಕ್ಕಳು ಅವರ ಬಾಗಿಲ ಮುಂದೆ ಎಡಗಾಲು ಎಳೆಯುತ್ತಾ ನಡೆಯುತ್ತಾರೆ. ಇಬ್ಬರ ಕಿವಿಯನ್ನು ನಾನೇ ಹಿಂಡಿದ್ದೇನೆ. ಸಾಸಿವೆ ತರುವ ನೆಪ ಮಾಡಿ ಅಂಗಡಿಗೆ ಹೋದೆ. ಮುದಲಾಳಿ ಪೊಟ್ಟಣ ಕಟ್ಟುತ್ತಾ, ತಲೆ ಎತ್ತದೆ ಹೇಳಿದರು: “ನಂಗೇನೂ ಬೇಜಾರಿಲ್ಲ ಟೀಚರಮ್ಮ. ನಾಟಕ ನಾಟಕಾನೇ. ಒಂದ್ ಮಾತು ಮಾತ್ರ ಕೇಳ್ಬೇಕು. ದಿಲು ಮಗು ನಿಜವಾಗ್ಲೂ ನನ್ ಬಗ್ಗೆ ಹಂಗೆ ಅಂದ್ಕೊಂಡಿದ್ಯಾ?”

ಇಲ್ಲ ಎಂದು ನಿನ್ನ ಪರವಾಗಿ ನಾನು ಉತ್ತರ ಕೊಟ್ಟಿದ್ದೇನೆ. ಸರಿಯಾದ ಉತ್ತರವೇ ಕೊಟ್ಟಿದ್ದೇನೆಂದು ನಂಬಿದ್ದೇನೆ.

ನಿನಗಾಗ ಹನ್ನೆರಡು ವರ್ಷ, ಎಲ್ಲವೂ ನೆನಪಿರಲಾರದು. ಅಸೇಲ ಸೈಕಲ್ಲಿನ ಪಂಕ್ಚರ್ ಹಾಕಿಸಲು ಅಕುರೆಸ್ಸಕ್ಕೆ ಹೋದ, ಹಿಂತಿರುಗಲಿಲ್ಲ. ಬಾವಿ ಇರಲಿಲ್ಲ, ಗಡಿಯಾರ ಇರಲಿಲ್ಲ. ಅವನ ಕೈಗೆ ಗಡಿಯಾರ ಕೊಡಿಸುವಷ್ಟು ಅನುಕೂಲ ನಮಗೆ ಎಂದೂ ಇರಲಿಲ್ಲ. ಆ ದಿನ ಆ ದಾರಿಯಲ್ಲಿ ಹೋದ ಬೇರೆ ಹುಡುಗರೂ ಹಿಂತಿರುಗಲಿಲ್ಲ. ಯಾರು ಹಿಡಿದೊಯ್ದರು ಎಂಬುದು ಆಗ ಒಗಟಾಗಿರಲಿಲ್ಲ ಮಗಳೇ. ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಡುವವರು ಇರಲಿಲ್ಲ. ನಾವು ಕೇಳಿಕೊಂಡು ಹೋಗುತ್ತಿದ್ದುದು ಎಲ್ಲಿ ಎಂದು ಮಾತ್ರ. ನನ್ನ ಜೊತೆಗೆ ಬರಲು ನನ್ನ ಅಣ್ಣತಮ್ಮಂದಿರೇ ಹೆದರಿದಾಗ, ಅಂಗಡಿ ಮುಚ್ಚಿ, ಆ ಕಾಲನ್ನು ಎಳೆದುಕೊಂಡು ಸೈನ್ಯದ ಶಿಬಿರದಿಂದ ಶಿಬಿರಕ್ಕೆ ಬಂದವರು ಕರೋಲಿಸ್ ಮುದಲಾಳಿ. ಗೇಟಿನ ಹೊರಗೆ ಎಳನೀರು ಹಿಡಿದು ನಿಂತಿರುತ್ತಿದ್ದರು. ನಾನು ಹೊರಗೆ ಬಂದಾಗ ಏನಾಯಿತೆಂದು ಕೇಳುತ್ತಿರಲಿಲ್ಲ, ಕುಡಿಯಿರಿ ಎನ್ನುತ್ತಿದ್ದರು.

ಈಗ ವಿಹಾರದಲ್ಲಿ ನಡೆದದ್ದನ್ನು ಬರೆಯಬೇಕು. ಇದನ್ನು ಯಸವತಿ ನಿನಗೆ ಹೇಳಿಲ್ಲ, ಹೇಳಬೇಡವೆಂದು ನಾನೇ ತಡೆದಿದ್ದೆ.

ಪ್ರತಿ ವರ್ಷ ಆಗಸ್ಟ್ ಹುಣ್ಣಿಮೆಗೆ, ಅವನು ಹುಟ್ಟಿದ ತಿಂಗಳೆಂದು, ಅಸೇಲನ ಹೆಸರಿನಲ್ಲಿ ನಾನು ಬೋಧಿಪೂಜೆ ಮಾಡಿಸುವುದು ನಿನಗೆ ಗೊತ್ತು. ನಿನ್ನ ಅಪ್ಪನ ಹೆಸರಿನಲ್ಲಿ ಭಿಕ್ಷುಗಳಿಗೆ ವರ್ಷವರ್ಷವೂ ದಾನ ಕೊಡುತ್ತೇನೆ, ಅವರು ತೀರಿಕೊಂಡಿದ್ದಾರೆ. ಅಸೇಲನಿಗೆ ಒಂದು ಬಾರಿಯೂ ದಾನ ಕೊಟ್ಟಿಲ್ಲ. ದಾನದ ಪುಣ್ಯ ಸತ್ತವರಿಗೆ. ಬೋಧಿಪೂಜೆಯ ರಕ್ಷೆ ಬದುಕಿರುವವರಿಗೆ. ಎಷ್ಟೋ ಜನ ಹೇಳಿ ನೋಡಿದರು, ಮರಣಪತ್ರ ಪಡೆಯಿರೆಂದು ಸರಕಾರದ ಕಾಗದಗಳೂ ಬಂದು ಹೋದವು. ನಾನು ಆ ಒಂದು ಗೆರೆಯನ್ನು ದಾಟಲಿಲ್ಲ. ವಿಹಾರದ ಹಿರಿಯ ಭಿಕ್ಷು ದೊಡ್ಡ ಹಾಮುದುರುಗಳಿಗೆ ಇದು ತಿಳಿದಿದೆ. ಅಸೇಲ ಎಲ್ಲಿದ್ದರೂ ನಿರೋಗಿಯಾಗಿರಲಿ, ಸುಖವಾಗಿರಲಿ ಎಂದೇ ಅವರು ಪ್ರತಿ ಸಲ ಪಠಿಸುವುದು.

ಈ ಬಾರಿ ಅವರಿಗೆ ಜ್ವರ. ಚಿಕ್ಕ ಹಾಮುದುರುಗಳು ಪೂಜೆಗೆ ಕೂತರು. ಇಪ್ಪತ್ತರ ಹುಡುಗ, ಕಳೆದ ವರ್ಷವಷ್ಟೇ ಈ ವಿಹಾರಕ್ಕೆ ಬಂದವರು, ಒಳ್ಳೆಯ ಕಂಠ. ನನ್ನ ಹೂವಿನ ತಟ್ಟೆ ತೆಗೆದುಕೊಂಡು ಹೆಸರು ಕೇಳಿದರು, ಹೇಳಿದೆ. ಹಿಂದೆ ಕೂತಿದ್ದ ಯಾರೋ ಹೆಂಗಸು, ‘ಜಗುಲಿ’ಯಲ್ಲಿ ಬರೋ ಮಗ ಎಂದು ಅವರಿಗೆ ಪಿಸುದನಿಯಲ್ಲಿ ತಿಳಿಸಿದಳು, ಸಹಾಯ ಮಾಡುತ್ತಿದ್ದೇನೆ ಎಂಬ ಭಾವದಿಂದಲೇ. ಅವರು ಕಣ್ಣು ಮುಚ್ಚಿ, ಆ ಇಂಪಾದ ದನಿಯಲ್ಲಿ, ಪರಲೋಕಕ್ಕೆ ತೆರಳಿದ ಪುತ್ರ ಅಸೇಲ ಈ ಪುಣ್ಯವನ್ನು ಅನುಮೋದಿಸಲಿ ಎಂದು ಪಠಿಸಿದರು. ಅರಳಿಮರದ ಸುತ್ತ ಕೂತಿದ್ದ ಊರೆಲ್ಲ ಕೈ ಜೋಡಿಸಿ ಸಾಧು, ಸಾಧು, ಸಾಧು ಎಂದಿತು.

ನಾನು ಜೀವಮಾನವೆಲ್ಲ ಪರರ ತಪ್ಪುಗಳನ್ನು ನಿಂತ ಜಾಗದಲ್ಲೇ ತಿದ್ದಿದವಳು. ಅಂದು ತಿದ್ದಲಿಲ್ಲ. ಅರ್ಹಂತರ ಹೆಸರು ಹೇಳಿ ಪಠಿಸಿದ ಮಾತನ್ನು, ಹುಣ್ಣಿಮೆಯ ದಿನ, ಅಷ್ಟು ಜನರ ಎದುರಿಗೆ ಹೇಗೆ ಹಿಂದಕ್ಕೆ ಕೊಡಲಿ? ಮನೆಗೆ ಬಂದು ಬಿಳಿ ಸೀರೆ ಬಿಚ್ಚಿ ಮಡಿಸಿದೆ. ಊರು ನನ್ನ ಮಗನನ್ನು ಯಾವಾಗ ಸಾಯಿಸಿತು ಎಂದು ಲೆಕ್ಕ ಹಾಕುತ್ತಾ ಕೂತೆ. ಭೀಷಣದ ಕಾಲದಲ್ಲಲ್ಲ. ಆಮೇಲಿನ ಇಷ್ಟೂ ವರ್ಷಗಳಲ್ಲಲ್ಲ. ಅಷ್ಟು ಕಾಲ ಈ ಜನರೇ, ಅವನು ಬಂದರೆ ಗುರುತು ಸಿಗುತ್ತದೋ ಇಲ್ಲವೋ ಎಂದು ನನ್ನೊಡನೆ ಮಾತನಾಡುತ್ತಿದ್ದರು. ಈ ಜುಲೈನಿಂದ ಈಚೆಗೆ, ಭಾನುವಾರದ ಸಂಜೆಗಳಲ್ಲಿ, ನನ್ನ ಮನೆಯಲ್ಲಿ, ನಾನು ಮಾಡಿಕೊಟ್ಟ ಚಹಾ ಕುಡಿಯುತ್ತಾ.

ಮೊನ್ನೆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಎಲುಬುಗಳು ಬಾವಿಯಿಂದ ಮೇಲೆ ಬಂದದ್ದಕ್ಕೆ ನಾನು ಟೀವಿ ಆರಿಸಲಿಲ್ಲ. ಅದನ್ನು ಸಹಿಸಿಕೊಂಡೆ, ಹಗ್ಗದ ತುದಿಯಲ್ಲಿ ಬಟ್ಟೆಯ ಗಂಟು ಮೇಲೇರಿ ಬರುವುದನ್ನು ಪೂರ್ತಿ ನೋಡಿದೆ. ಆಗ ಯಸವತಿ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಕೆಟ್ಟ ಮನಸ್ಸಿನಿಂದಲ್ಲ. ಅವಳಿಗೂ ಅವನು ಅಣ್ಣನ ಮಗ, ಎತ್ತಿ ಆಡಿಸಿದವಳು. “ಅತ್ತಿಗೆ, ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ. ಇನ್ನಾದ್ರೂ ಅವ್ನ ಹೆಸ್ರಲ್ಲಿ ಒಂದು ದಾನ ಕೊಟ್ಬಿಡೋಣ,” ಎಂದಳು. ಕೋಣೆಯಲ್ಲಿದ್ದವರೆಲ್ಲ ಹೌದು ಹೌದೆಂಬಂತೆ ತಲೆಯಾಡಿಸಿದರು. ರುವನ್ ಎಲ್ಲಿ ಮುಗಿದು ಅಸೇಲ ಎಲ್ಲಿ ಶುರುವಾಗುತ್ತಾನೆಂಬುದು ಆ ಕ್ಷಣ ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ನನಗೆ ತಿಳಿದಿತ್ತು ಎಂದು ಬರೆಯಲು ಹೊರಟೆ. ಸುಳ್ಳು ಬರೆಯಲಾರೆ. ಅದಕ್ಕೇ ಟೀವಿ ಆರಿಸಿದೆ.

ದಿಲೂ, ನಿನ್ನನ್ನು ಬೈಯಲು ಬರೆಯಲು ಕೂತವಳು ನಾನು, ಅರ್ಧ ಬೈದಿದ್ದೇನೆ. ಆದರೆ ನಿನ್ನೆಯಿಂದ ಬೇರೊಂದು ಯೋಚನೆ ಬರುತ್ತಿದೆ. ವಾಹಿನಿಯವರು ಗುಟ್ಟು ಕೇಳಿದರು ಸರಿ. ಎಲುಬುಗಳನ್ನೂ ಅವರೇ ಕೇಳಿದರೇ? ನಾನು ಅವನು ಬರುತ್ತಾನೆಂದು ಕಾಯುವುದನ್ನು ನೋಡುತ್ತಲೇ ನೀನು ಬೆಳೆದೆ. ಹಬ್ಬಕ್ಕೆ ಅವನಿಗೊಂದು ತಟ್ಟೆ ಹೆಚ್ಚಿಗೆ ಇಟ್ಟೆ, ನೀನು ಕೊಲಂಬೊಗೆ ಓದಲು ಹೊರಟಾಗ, ಅಣ್ಣ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೇಗೆ ಎಂದು ಬಸ್ಸಿನವರೆಗೂ ಬರಲಿಲ್ಲ. ಒಮ್ಮೆಯೂ ನೀನು, ಅವನು ಇಲ್ಲ ಅಮ್ಮಾ ಎನ್ನಲಿಲ್ಲ. ನನ್ನೆದುರು ಹೇಳಲಾರದ್ದನ್ನು ದೇಶದ ಎದುರು ಹೇಳಿದೆಯೇನೋ. ಬಾವಿಯಿಂದ ಏನನ್ನಾದರೂ ಮೇಲೆತ್ತಿ, ಇಗೋ, ಇನ್ನು ಸಾಕು ಎನ್ನಬೇಕೆಂದು ನಿನಗೂ ಅನ್ನಿಸಿರಬಹುದು. ಹಾಗಿದ್ದರೆ ಆ ಅರ್ಧ ಬೈಗುಳವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೂ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿನಗೆ ಉತ್ತರ ಬೇಕು, ನಿನಗಿನ್ನೂ ಮುಂದೆ ಬಹಳ ವರ್ಷಗಳಿವೆ. ನನಗೆ ಕಾಯುವುದು ಬೇಕು. ಎದ್ದ ಕೂಡಲೇ ಗೇಟಿನ ಚಿಲಕ ತೆಗೆಯಲು ನನಗಿರುವ ಕಾರಣ ಅದೊಂದೇ. ಕೊನೆಯ ಕಂತಿನಲ್ಲಿ ಸೋಮಾ ಒಲೆ ಹಚ್ಚಲಿ. ಕಾಯಿ ತುರಿಯಲಿ, ಸಂಬೋಲ ಅರೆಯಲಿ, ತಂಗಿಯ ತಲೆ ಬಾಚಲಿ. ಸೈಮನ್ ಮುದಲಾಳಿ ಬಂದು ಜಗುಲಿಯಲ್ಲಿ ಕೂರಲಿ, ಯಾರೂ ಅವನ ಕಡೆ ಕತ್ತು ತಿರುಗಿಸದಿರಲಿ. ಅಷ್ಟು ಸಾಕು. ಅಷ್ಟನ್ನು ಬರೆಯಲು ನಿನ್ನಷ್ಟು ಬಲ್ಲವರು ಈ ದ್ವೀಪದಲ್ಲಿ ಬೇರೆ ಯಾರೂ ಇಲ್ಲವೆಂದು, ಅಂಕ ಕೊಡುವುದರಲ್ಲಿ ಜಿಪುಣಳಾದ ನಾನೇ ಹೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನನ್ನು ಹಗಲಿರುಳು ನೆನೆಯುವ,
ಅಮ್ಮ
ಕುಸುಮಾವತಿ ಗಮಗೆ

ತಾ.ಕ.: ಸೆಪ್ಟೆಂಬರ್ 27, ಭಾನುವಾರ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ನೀನು ಫೋನ್ ಮಾಡಿದೆ. ನಾನು ವಿಷಯ ಎತ್ತುವಷ್ಟರಲ್ಲಿ, “ಅಮ್ಮಾ, ಶೂಟಿಂಗ್ ಜುಲೈನಲ್ಲೇ ಮುಗೀತು. ಈಗ ನನ್ ಕೈಲಿ ಏನೂ ಇಲ್ಲ,” ಎಂದೆ. ಆಮೇಲೆ, ಏನು ತಿಂದೆ ಎಂದು ನೀನು ಕೇಳಿದೆ. ಹುಳಿಮೀನು ಎಂದು ನಾನು ಹೇಳಿದೆ. ಅಂದು ಒಲೆ ಹಚ್ಚಿರಲಿಲ್ಲ. ಪತ್ರ ಮೇಜಿನ ಮೇಲೆಯೇ ಉಳಿಯಿತು.

ಕೊನೆಯ ಕಂತನ್ನು ಬಾಗಿಲು ಮುಚ್ಚಿಕೊಂಡು ಒಬ್ಬಳೇ ನೋಡಿದೆ. ಅಪರಾಧಿ ಸೈಮನ್ ಮುದಲಾಳಿ ಅಲ್ಲ, ಮಾತರ ಪಟ್ಟಣದ ಯಾವನೋ ವಕೀಲ. ಇಡೀ ಧಾರಾವಾಹಿಯಲ್ಲಿ ಅವನನ್ನು ಒಂದೆರಡು ಸಲ ಕಂಡ ನೆನಪು. ಮರುದಿನ ಬೀದಿಯ ಹೆಂಗಸರಿಗೆ ಅವನ ಹೆಸರೂ ನೆನಪಿರಲಿಲ್ಲ. ಆದರೂ ಕರೋಲಿಸ್ ಮುದಲಾಳಿಯ ಅಂಗಡಿಗೆ ಯಾರೂ ಹೋಗಲಿಲ್ಲ. ಹಿಂದೆ ಸಂಶಯದಿಂದ, ಈಗ ನಾಚಿಕೆಯಿಂದ. ರುವನ್‌ನನ್ನು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಬೇಗಬೇಗನೆ ಹೂಳಿದರು. ತಕ್ಷಣ ವಕೀಲನ ಕೈಗೆ ಕೋಳ ಬಿತ್ತು, ಸಂಗೀತ ಬಂತು, ಹೆಸರುಗಳು ಮೇಲೇರಿದವು, ಮುಗಿಯಿತು. ಹುಡುಗನಿಗೆ ಏಳನೆಯ ದಿನವೇ ಇಲ್ಲ, ದಾನವಿಲ್ಲ. ಯಾರು ಎಂದು ಗೊತ್ತಾದ ಮೇಲೆ ಅವನು ಯಾರಿಗೂ ಬೇಕಿರಲಿಲ್ಲ. ಅಷ್ಟು ವಾರ ನಮ್ಮ ಮನೆಗೆ ಬಂದು ಹೋದ ಮಗು, ದಿಲೂ. ಪುಣ್ಯ ಸಲ್ಲಿಸುವವರು ಒಬ್ಬರಾದರೂ ಬೇಡವೇ.

ಸೋಮವಾರ ವಿಹಾರಕ್ಕೆ ಹೋಗಿ, ರುವನ್ ಎಂಬ ಹುಡುಗನ ಹೆಸರಿನಲ್ಲಿ ಏಳನೆಯ ದಿನದ ದಾನ ಕೊಡಬೇಕೆಂದಿದ್ದೇನೆ ಎಂದು ದೊಡ್ಡ ಹಾಮುದುರುಗಳಿಗೆ ಅರಿಕೆ ಮಾಡಿಕೊಂಡೆ. ಅವರು ನಗಲಿಲ್ಲ. ಶನಿವಾರ ಬರುತ್ತೇವೆ ಎಂದರು. “ಹೆಸರನ್ನ ಆವತ್ತು ಕೇಳ್ತೀನಿ ಟೀಚರಮ್ಮ. ಅಲ್ಲೀತನಕ ಅವಸರ ಏನಿಲ್ಲ,” ಎಂದರು.

ನಿನ್ನೆ ದಾನವಾಯಿತು. ಭೋಜನ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ ಹೆಸರು ಕೇಳಿದರು. ಗುಟ್ಟನ್ನು ಕೊನೆಯವರೆಗೆ ಹಿಡಿದಿಡುವುದು ನಿನ್ನ ವಾಹಿನಿಯವರ ಕೆಲಸ, ನನ್ನದಲ್ಲ. ಅಸೇಲನ ಹೆಸರು ಹೇಳಿದೆ. ಪೂರ್ತಿ ಹೆಸರನ್ನು, ತಪ್ಪಿಲ್ಲದೆ, ಎಲ್ಲರಿಗೂ ಕೇಳಿಸುವಂತೆ.

ನಿನ್ನನ್ನು ಕರೆಯಬೇಕಿತ್ತು. ನೀನು ಬಂದು ಪಕ್ಕದಲ್ಲಿ ಕೂತಿದ್ದರೆ ನನ್ನ ಬಾಯಿಂದ ಆ ಹೆಸರು ಹೊರಡುತ್ತಿರಲಿಲ್ಲ. ನಿನ್ನ ಅಪ್ಪನ ದಾನದಲ್ಲಿ ಅಸೇಲನೂ ಸೇರಿ ನಾವು ಮೂವರೂ ಗಿಂಡಿಗೆ ಕೈ ಕೊಟ್ಟು, ಪುಣ್ಯ ಸಲ್ಲಿಸಲು ನೀರು ಸುರಿದೆವಲ್ಲ, ಬಟ್ಟಲು ತುಂಬಿ ಹರಿಯುವವರೆಗೆ; ಈ ಬಾರಿ ನಿನ್ನ ಕೈ ಇರಲಿಲ್ಲವೆಂದು ನನ್ನ ಮೇಲೆ ಕೋಪ ಮಾಡಿಕೋ. ಮುಂದೆ ಯಾರೂ ನಿನಗೆ ತಪ್ಪು ವರದಿ ಕೊಡಬಾರದೆಂದು ಹಾಜರಿದ್ದವರ ಹೆಸರುಗಳನ್ನು ಬರೆಯುತ್ತಿದ್ದೇನೆ.

ದೊಡ್ಡ ಹಾಮುದುರುಗಳು, ಚಿಕ್ಕ ಹಾಮುದುರುಗಳು, ಹಕ್ಮನದ ವಿಹಾರದಿಂದ ಬಂದ ಮೂವರು. ಎದುರುಮನೆಯ ನಂದಾವತಿ, ಅವಳ ಸೊಸೆ ಇರೋಶಾ, ಮೂಲೆಮನೆಯ ಪ್ರೇಮಾ, ಸಿಸಿಲಿನ್ ಅಜ್ಜಿ. ಗಿಂಡಿಗೆ ಕೈ ಕೊಟ್ಟವರು: ಯಸವತಿ, ಒಡಹುಟ್ಟಿದವರು ಹಿಡಿಯಬೇಕಾದ ಕಡೆಯಲ್ಲಿ ಕರೋಲಿಸ್ ಮುದಲಾಳಿ, ಮತ್ತು ತಾಯಿ, ಕುಸುಮಾವತಿ.